ನಾಯಿಯ ಕೊರಳಿಗೆ ನಮ್ಮ ಮನೆಯ ಹೆಣಿಗೆ

ನಾಯಿ ಬೆಕ್ಕು ಸಾಕಿದವರು ತಮಗೆ ಬೇಕಾದ್ದನ್ನು ನೇರವಾಗಿ ಕೇಳುವುದಿಲ್ಲ. ಮಗುವಿಗೆ ಕುಲಾವಿ ಹೊಲಿದುಕೊಡಿ ಎಂದು ಯಾರು ಬೇಕಾದರೂ ಬಾಯಿಬಿಟ್ಟು ಕೇಳುತ್ತಾರೆ. ದನಕ್ಕೆ ಹಗ್ಗ ಹೊಸೆದುಕೊಡಿ ಎನ್ನುವುದಕ್ಕೂ ಸಂಕೋಚವಿಲ್ಲ. ಬೆಕ್ಕಿಗೊಂದು ಹಾಸಿಗೆ ಬೇಕು ಎನ್ನುವುದಕ್ಕೆ ಮಾತ್ರ ನಾಲಿಗೆ ತೊದಲುತ್ತದೆ. ಮಳೆಯ ಮಾತು, ಬೆಳೆಯ ಮಾತು, ನಿಮ್ಮ ಕೈಹೊಲಿಗೆ ಎಷ್ಟು ಚಂದ ಎನ್ನುವ ಮಾತು ಎಲ್ಲ ಮುಗಿದು, ಇನ್ನೇನು ಹೊಸ್ತಿಲು ದಾಟಬೇಕು ಎನ್ನುವಾಗ 'ಅಂದಂಗೆ...' ಎಂದು ಶುರು ಮಾಡುತ್ತಾರೆ. ಆ 'ಅಂದಂಗೆ' ಕಿವಿಗೆ ಬಿದ್ದರೆ ಸಾಕು, ನಾನು ಸೂಜಿ ದಾರ ಹುಡುಕಲು ಏಳುತ್ತಿದ್ದೆ.

ಈ ಹುಚ್ಚು ಹಿಡಿದದ್ದು ಅರಕಲಗೂಡಿನ ತವರುಮನೆಯಲ್ಲಿ. ನಮ್ಮದು ಮುಂದೆ ಬಟ್ಟೆ ಅಂಗಡಿ, ಹಿಂದೆ ಮನೆ. ಥಾನು ಹರಿದು ಉಳಿದ ತುಂಡುಗಳು ಸಂಜೆಗೆ ಅವ್ವನ ಬುಟ್ಟಿಗೆ ಬರುತ್ತಿದ್ದವು. ಅವ್ವ ಅದರಲ್ಲಿ ಕೌದಿ ಹೊಲಿಯುತ್ತಿದ್ದಳು. ಅವಳು ಬೇಡವೆಂದು ಬಿಟ್ಟ ಚೂರುಗಳು ನನ್ನ ಪಾಲಿಗೆ. ಮನೆಯ ಬೆಕ್ಕಿಗೆ ಮೊದಲು ಒಂದು ಅಂಗಿ ಹೊಲಿದೆ. ತೊಡಿಸಿದ ಮರುಗಳಿಗೆಯಲ್ಲಿ ಅದು ಅಟ್ಟ ಹತ್ತಿ, ಉರುಳಾಡಿ, ಅಂಗಿಯನ್ನು ಚಿಂದಿ ಮಾಡಿ ಕೆಳಕ್ಕೆ ಎಸೆಯಿತು. ನನಗೂ ಸಿಟ್ಟು ಬಂದು ಆ ದಿನ ಅದಕ್ಕೆ ಹಾಲು ಹಾಕಲಿಲ್ಲ. ಆಮೇಲೆ ನೋಡಿದರೆ ಆ ಚಿಂದಿಯ ಮೇಲೇ ಸುರುಳಿ ಸುತ್ತಿಕೊಂಡು ನಿದ್ದೆ ಹೋಗಿತ್ತು. ಅದಕ್ಕೆ ಬೇಕಾಗಿದ್ದದ್ದು ಅಂಗಿಯಲ್ಲ, ಹಾಸು. ಅಂದಿನಿಂದ ನಾನು ಪ್ರಾಣಿಗೆ ಏನಾದರೂ ಹೊಲಿಯುವ ಮೊದಲು ಅದು ಎಲ್ಲಿ ಮಲಗುತ್ತದೆ, ಹೇಗೆ ಏಳುತ್ತದೆ, ಎಲ್ಲಿ ಕೆರೆದುಕೊಳ್ಳುತ್ತದೆ ಎಂದು ನೋಡುತ್ತಾ ಕೂರುವುದನ್ನು ಕಲಿತೆ. ಅವ್ವ, 'ಕೆಲ್ಸ ಇಲ್ದೋಳು' ಎಂದು ಬಯ್ಯುತ್ತಿದ್ದಳು.

ಅಕ್ಕನನ್ನು ಹೊಳೆನರಸೀಪುರಕ್ಕೆ ಕೊಟ್ಟಿತ್ತು. ಮದುವೆಯಾದ ವರ್ಷ ಹಬ್ಬಕ್ಕೆ ಬಂದವಳು ಹೊರಡುವ ಹಿಂದಿನ ದಿನ ನನ್ನ ಪಕ್ಕ ಬಂದು ಕೂತು, ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು.

'ಅಂದಂಗೆ, ಆ ಮನೇಲಿ ಇಲಿ ಕಾಟ ತಡೆಯಾಕಾಗ್ತಿಲ್ಲ ಕಣೇ. ಈ ಬೆಕ್ಕು ತಕೊಂಡೋಗ್ತೀನಿ. ಬಸ್ಸಲ್ಲಿ ಎಂಗೆ ತಕೊಂಡೋಗೋದು? ಏನಾದ್ರೂ ಮಾಡ್ಕೊಡು.'

ಒಂದು ಬಿದಿರು ಬುಟ್ಟಿಯ ಮೇಲೆ ಇನ್ನೊಂದನ್ನು ಮುಚ್ಚಳವಾಗಿ ಕವುಚಿ, ಒಂದು ಕಡೆ ದಾರದಿಂದ ಹೊಲಿದು, ಇನ್ನೊಂದು ಕಡೆ ಗುಂಡಿ ಇಟ್ಟೆ. ಒಳಗೆ ಅವ್ವನ ಹಳೆಯ ಸೀರೆಯ ತುಂಡು ಹಾಸಿದೆ, ಪರಿಚಯದ ವಾಸನೆ ಇದ್ದರೆ ಬೆಕ್ಕು ಗಲಾಟೆ ಮಾಡುವುದಿಲ್ಲ ಎಂದು. ಕೆಲವು ತಿಂಗಳಾದ ಮೇಲೆ ನಾನು ಅಕ್ಕನ ಮನೆಗೆ ಹೋದೆ. ಆ ಮನೆಯಲ್ಲಿ ಇಲಿಯೇ ಇರಲಿಲ್ಲ. ಅಕ್ಕನ ಅತ್ತೆಯನ್ನು ಕೇಳಿದರೆ, 'ಈ ಮನೇಲಿ ಎಂದೂ ಇಲಿ ಕಂಡೋಳಲ್ಲ ನಾನು' ಎಂದರು. ಬೆಕ್ಕು ಅಕ್ಕನ ಮಡಿಲಲ್ಲಿತ್ತು. ಅವ್ವನ ಸೀರೆಯ ತುಂಡು ಬುಟ್ಟಿಯಲ್ಲಿರಲಿಲ್ಲ, ಅಕ್ಕನ ದಿಂಬಿನ ಕೆಳಗಿತ್ತು. ನಾನು ಅಕ್ಕನನ್ನು ಚೆನ್ನಾಗಿ ಗೇಲಿ ಮಾಡಿ ನಕ್ಕೆ. ಅವಳು ನಗಲಿಲ್ಲ. ಅವಳ ಕಣ್ಣು ನೋಡಿ ನಾನು ಆ ತುಂಡನ್ನು ಮತ್ತೆ ದಿಂಬಿನ ಕೆಳಗೆ ಸೇರಿಸಿದೆ.

ಕೆಲವು ವರ್ಷಗಳ ಮೇಲೆ ನನ್ನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ಕೊಬ್ಬರಿ ವ್ಯಾಪಾರದ ಮನೆ. ನಮ್ಮವರು ಮಂಡಿ ನೋಡಿಕೊಳ್ಳುತ್ತಿದ್ದರು. ಮಾವ ದಿನವೂ ಮಂಡಿಗೆ ಹೋಗಿ ಗೋಣಿಚೀಲಗಳ ನಡುವೆ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಅವರ ಹಿಂದೆ ಒಂದು ನಾಯಿ. ಬಾಗೂರಿನಿಂದ ಕೊಬ್ಬರಿ ತಂದ ಗಾಡಿಯಲ್ಲಿ ಮರಿಯಾಗಿದ್ದಾಗ ಬಂದದ್ದಂತೆ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಮಾವ 'ಬಾರಪ್ಪ' ಎಂದರೆ ಬರುತ್ತಿತ್ತು, 'ಕೂತ್ಕೊಳ್ಳಪ್ಪ' ಎಂದರೆ ಕೂರುತ್ತಿತ್ತು. ಮಗನಿಗೆ ಏಕವಚನದಲ್ಲಿ ಗದರುತ್ತಿದ್ದ ಮನುಷ್ಯ ನಾಯಿಗೆ ಅಪ್ಪಾ ಅನ್ನುತ್ತಿದ್ದರು. ನಮ್ಮವರು ಇದನ್ನು ಹೇಳಿಕೊಂಡು ನಗುತ್ತಿದ್ದರಾದರೂ ಒಳಗೊಳಗೆ ಅವರಿಗೆ ಸ್ವಲ್ಪ ಹೊಟ್ಟೆಯುರಿ ಇತ್ತೆಂದು ನನ್ನ ಗುಮಾನಿ.

ಅತ್ತೆ ಬೇರೆ ಥರದವರು. ನಾಯಿ ಜಗಲಿಯಿಂದ ಒಳಗೆ ಬರುವಂತಿಲ್ಲ, ಅವರ ಸೆರಗು ಅದಕ್ಕೆ ಸೋಕುವಂತಿಲ್ಲ. ನಮ್ಮದು ಲಿಂಗ ಕಟ್ಟುವ ಮನೆತನ. ಕೊರಳಲ್ಲಿ ಲಿಂಗವನ್ನು ಧರಿಸುವ ದಾರಕ್ಕೆ ಶಿವದಾರ ಎನ್ನುತ್ತೇವೆ. ಬೀದಿಯ ಎಷ್ಟೋ ಮನೆಗಳಿಗೆ ಆ ದಾರವನ್ನು ಹೆಣೆದು ಕೊಡುತ್ತಿದ್ದವರು ನಮ್ಮ ಅತ್ತೆ. ಹುಟ್ಟಿದ ಮಗುವಿಗೆ ಲಿಂಗ ಕಟ್ಟಬೇಕೆಂದರೆ ಮನೆಯವರು ಮೊದಲು ಬರುತ್ತಿದ್ದದ್ದು ಇವರ ಹತ್ತಿರ. ಸ್ನಾನ ಮಾಡಿ, ಏನನ್ನೂ ತಿನ್ನದೆ, ಪಡಸಾಲೆಯ ಕಂಬದ ಮೊಳೆಗೆ ನೂಲಿನ ತುದಿ ಸಿಕ್ಕಿಸಿ ಕೂರುತ್ತಿದ್ದರು. ಹೆಣೆದು ಮುಗಿಯುವವರೆಗೆ ಮಾತಿಲ್ಲ. ಅವರ ದಾರ ದುಂಡಗೆ, ನುಣ್ಣಗೆ, ಎಳೆಗೂಸಿನ ಕೊರಳಿಗೂ ಒತ್ತದ ಹಾಗೆ ಇರುತ್ತಿತ್ತು. ಅವರಿಗೆ ಅದನ್ನು ಕಲಿಸಿದ್ದು ಅವರ ಅತ್ತೆಯಂತೆ. ನನಗೆ ಅವರು ಕಲಿಸಲಿಲ್ಲ. ಹೆಣೆಯುವಾಗ ಮಾತಿಲ್ಲ, ಬೇರೆ ಹೊತ್ತಿನಲ್ಲಿ ಪುರುಸೊತ್ತಿಲ್ಲ. ಎದುರು ಕೂತು ನೋಡಿ ನೋಡಿಯೇ ಕಲಿತುಕೊಂಡೆ. ಅದು ಬಿಟ್ಟರೆ ನನಗೆ ಬೇರೆ ಯಾವ ಹೆಣಿಗೆಯೂ ಬರುತ್ತಿರಲಿಲ್ಲ.

ಇಲ್ಲಿಗೆ ಬಂದ ಮೇಲೂ ನನ್ನ ಹಳೆಯ ಚಾಳಿ ಹೋಗಲಿಲ್ಲ. ಹಳ್ಳಿಮೈಸೂರಿನಿಂದ ಮಂಡಿಗೆ ಬರುತ್ತಿದ್ದ ಒಬ್ಬ ರೈತ, ತನ್ನ ನಾಯಿ ಅಕ್ಕಪಕ್ಕದ ಮನೆಗಳ ಕೋಳಿಮೊಟ್ಟೆ ಕುಡಿಯುತ್ತದೆ, ಅದರ ಬಾಯಿಗೆ ಒಂದು ಕುಕ್ಕೆ ಬೇಕು ಎಂದ. ಕಣ ತುಳಿಯುವ ಎತ್ತಿಗೆ ಹಾಕುವ ಹಗ್ಗದ ಬಾಯಿಕುಕ್ಕೆ ನಾಯಿಗೆ ದೊಡ್ಡದಾಗುತ್ತದೆ.

'ಇಲ್ಲಾಂದ್ರೆ ಸಾಯಿಸ್ಬುಡ್ತೀನಿ ಕಣವ್ವ ಅದ್ನ' ಎಂದು ಕಣ್ಣು ಕೆಂಪಗೆ ಮಾಡಿದ.

ಸಾಯಿಸುವವನು ಕುಕ್ಕೆಗಾಗಿ ಇಷ್ಟು ದೂರ ಏಕೆ ಬರುತ್ತಾನೆ? ನೆರೆಯವರು ವಿಷ ಹಾಕುತ್ತಾರೆಂಬ ಭಯ ಅವನಿಗೆ. ನಾಯಿಯ ಮೂತಿ ಎಷ್ಟು ದಪ್ಪ ಎಂದು ಕೇಳಿದರೆ, ತನ್ನ ಅಂಗೈಯನ್ನು ಬಟ್ಟಲಿನಂತೆ ಬಗ್ಗಿಸಿ ತೋರಿಸಿದ. ಆ ಅಳತೆ ಆ ಕೈಗೆ ಬಾಯಿಪಾಠವಾಗಿತ್ತು. ಮೆತ್ತನೆ ದಾರವನ್ನು ಗಂಟು ಹಾಕಿ ಜಾಳಿಗೆ ಮಾಡಿ, ನೀರು ಕುಡಿಯಲು ನಾಲಿಗೆ ಹೊರಬರುವಷ್ಟು ಜಾಗ ಬಿಟ್ಟು ಕೊಟ್ಟೆ. ಮುಂದಿನ ಸಲ ಅವನು ನಮಗೆಂದು ಒಂದು ಕುಂಬಳಕಾಯಿ ತಂದ. ನಾಯಿಯ ವಿಷಯ ಎತ್ತಲೇ ಇಲ್ಲ, ನಾನೂ ಕೇಳಲಿಲ್ಲ.

ಆ ಹೊತ್ತಿಗೆ ಮಾವನ ಕಣ್ಣು ಮಂಜಾಗತೊಡಗಿತ್ತು. ಮೊದಲು ಹೇಳಿಕೊಳ್ಳಲಿಲ್ಲ. ತಟ್ಟೆಯಲ್ಲಿ ಬಡಿಸಿದ ಪಲ್ಯವನ್ನು ಬೆರಳಲ್ಲಿ ಹುಡುಕುವುದನ್ನು ನೋಡಿ ಅತ್ತೆಗೆ ಗೊತ್ತಾದದ್ದು. ಹಾಸನಕ್ಕೆ ಕರೆದುಕೊಂಡು ಹೋದೆವು. ಯುದ್ಧದ ಕಾಲ, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು, ಏರು ಬಂದ ಕಡೆಯೆಲ್ಲ ಇಳಿದು ನಡೆಯಬೇಕು. ಕಣ್ಣಿಗೆ ನೀರಿಳಿದಿದೆ, ಕಾಲ ಮೀರಿದೆ, ಇರುವಷ್ಟನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಆತ ಒಳ್ಳೆಯವರು, ಮನೆಗೆ ಕರೆದು ಕಾಫಿ ಕೊಡಿಸಿದರು. ಅಲ್ಲೂ, ನನ್ನ ಹೊಲಿಗೆಯ ಮಾತು ಕೇಳಿದ್ದ ಅವರ ಹೆಂಡತಿ, ನಾವು ಹೊರಡುವಾಗ, 'ಅಂದಂಗೆ' ಎಂದರು. ಡಾಕ್ಟರಿಗೆ ಮನೆಯ ಬೆಕ್ಕು ಕಂಡರೆ ಆಗುವುದಿಲ್ಲವಂತೆ, ಅದು ಮಂಚ ಹತ್ತದ ಹಾಗೆ ಏನಾದರೂ ಮಾಡಬೇಕಂತೆ. ನಾನು ಬೂರುಗದ ಹತ್ತಿ ತುಂಬಿ, ಸುತ್ತ ಅಂಚು ಎತ್ತರಿಸಿ, ಒಂದು ಗುಂಡಗಿನ ಮೆತ್ತೆ ಹೊಲಿದು ಕಳಿಸಿದೆ. ಇನ್ನೊಮ್ಮೆ ಹೋದಾಗ ಆ ಮೆತ್ತೆ ಇದ್ದದ್ದು ಡಾಕ್ಟರ ಮೇಜಿನ ಕೆಳಗೆ. ಆತ ಬೂಟು ಬಿಚ್ಚಿ, ಕಾಲಿನಿಂದ ಬೆಕ್ಕಿನ ಬೆನ್ನು ಸವರುತ್ತಾ ಮಾವನ ಕಣ್ಣಿನ ಸಂಗತಿ ಹೇಳುತ್ತಿದ್ದರು. ಇನ್ನು ಬೆಳಕು ಬರುವುದಿಲ್ಲ ಎನ್ನುವ ಮಾತನ್ನು ಅಷ್ಟು ಮೆಲ್ಲಗೆ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಊರಿಗೆ ಬಂದ ಮೇಲೆ ಮಾವ ಜಗಲಿ ಹಿಡಿದರು. ಸ್ನಾನ, ಲಿಂಗಪೂಜೆ, ತಿಂಡಿ, ಆಮೇಲೆ ಜಗಲಿಯ ಕಂಬಕ್ಕೆ ಒರಗಿದರೆ ಮಧ್ಯಾಹ್ನದವರೆಗೆ ಅಲ್ಲೇ. ನಮ್ಮವರು ಕೋಲು ತಂದುಕೊಟ್ಟರು, ಮಾವ ಅದನ್ನು ಮೂಲೆಗೆ ಇಟ್ಟರು. ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದರೆ ಸಿಡಿದುಬಿದ್ದರು. ಊರಿಡೀ ಮಾತಾಡಿಸಿಕೊಂಡು ಬರುತ್ತಿದ್ದ ಮನುಷ್ಯ, ಬೀದಿಯಲ್ಲಿ ಹೋಗುವವರ ಹೆಜ್ಜೆ ಸದ್ದು ಕೇಳಿ ಯಾರು ಎಂದು ಊಹಿಸುತ್ತಾ ಕೂತಿರುತ್ತಿದ್ದರು. ನಾಯಿ ದಿನವೂ ಅದೇ ಹೊತ್ತಿಗೆ ಎದ್ದು ಬೀದಿಗಿಳಿದು, ಹಿಂತಿರುಗಿ ನೋಡಿ, ಮಾವ ಬರದಿದ್ದುದನ್ನು ಕಂಡು ಮತ್ತೆ ಜಗಲಿ ಹತ್ತುತ್ತಿತ್ತು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಹೀಗೇ ಬಿಟ್ಟರೆ ಈ ಮನುಷ್ಯ ಕೂತಲ್ಲೇ ಮುಗಿದುಹೋಗುತ್ತಾರೆ ಎಂದು ನಮಗೆಲ್ಲ ಹೆದರಿಕೆಯಾಗಿತ್ತು. ಅತ್ತೆಗೆ ಎಲ್ಲರಿಗಿಂತ ಹೆಚ್ಚು.

ಒಂದು ದಿನ ಮಾವನೇ ನಾಯಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ ಹಿಡಿದುಕೊಂಡು ಹೊರಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಾಯಿಗೆ ದಾರಿ ಗೊತ್ತಿತ್ತು. ದೇವಸ್ಥಾನದ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಮಂಡಿಯ ಕಡೆ ತಿರುಗಿತು. ಸಂಜೆ ಬಂದವರ ಮುಖ ಹೂವಿನಂತಾಗಿತ್ತು.

'ಕೋಲು ಇಡ್ದ್ರೆ, ಕುರುಡ ಓಯ್ತಾವ್ನೆ ಅಂತಾರೆ. ನಾಯಿ ಇಡ್ದ್ರೆ, ಯಜಮಾನ್ರು ನಾಯಿ ಕರ್ಕೊಂಡು ಓಯ್ತಾವ್ರೆ ಅಂತಾರೆ. ಎಂಗೆ?' ಎಂದು ನನ್ನನ್ನು ಕೇಳಿದರು.

ಆದರೆ ನಾರಿನ ಹಗ್ಗ ನಾಯಿಯ ಕೊರಳನ್ನು ತಿಂದುಹಾಕಿತು. ಕೂದಲು ಹೋಗಿ, ಚರ್ಮ ಸುಲಿದು, ಹುಣ್ಣಾಗಿ ಹುಳ ಬಿತ್ತು. ಸೀತಾಫಲದ ಎಲೆ ಅರೆದು ಹಚ್ಚಿ, ಬೇವಿನೆಣ್ಣೆ ಸವರಿ ಹುಳ ತೆಗೆದೆ. ಹುಣ್ಣು ಮಾಯುವವರೆಗೆ ಮಾವ ಮತ್ತೆ ಜಗಲಿಯ ಪಾಲು. ಹುಣ್ಣು ಮಾಯ್ದ ಮೇಲೂ ಹಗ್ಗ ಕಂಡರೆ ನಾಯಿ ಹಲ್ಲು ಕಿರಿಯುತ್ತಿತ್ತು. ನಮ್ಮವರು ಹಾಸನದಿಂದ ಚರ್ಮದ ಪಟ್ಟಿ ತಂದರು. ಮಾವ ಅದನ್ನು ಮೂಸಿ ನೋಡಿ ಕೆಳಗಿಟ್ಟರು.

'ಲಿಂಗ ಇಡ್ಕೊಳ್ಳೋ ಕೈಯಪ್ಪ ಇದು. ತೊಗ್ಲು ಬ್ಯಾಡ' ಎಂದರು.

ಅತ್ತೆಯೂ ಅದನ್ನು ಹೊಸ್ತಿಲ ಒಳಕ್ಕೆ ತರಗೊಡಲಿಲ್ಲ. ಈ ಒಂದು ವಿಷಯದಲ್ಲಿ ಗಂಡ ಹೆಂಡತಿ ಇಬ್ಬರದೂ ಒಂದೇ ಮಾತು.

ನನಗೆ ತಲೆ ಕೆಟ್ಟುಹೋಯಿತು. ನಾರು ಬೇಡ, ತೊಗಲು ಬೇಡ. ನೂಲು ತರೋಣವೆಂದರೆ ಬಟ್ಟೆಗೂ ನೂಲಿಗೂ ಕಂಟ್ರೋಲು, ಅಂಗಡಿಯಲ್ಲಿ ಹರಕು ಟವಲಿಗೂ ಸಾಲು ನಿಲ್ಲಬೇಕು. ಕೊನೆಗೆ ನಮ್ಮವರ ಒಂದು ಸವೆದ ಪಂಚೆಯನ್ನು ಉದ್ದುದ್ದಕ್ಕೆ ಸೀಳಿ, ಸೀಳುಗಳನ್ನು ಹುರಿ ಹೊಸೆದುಕೊಂಡೆ. ಹಿತ್ತಿಲಲ್ಲಿ ಕೂತು ಹೆಣೆಯಲು ಶುರು ಮಾಡಿದೆ. ಯಾವ ಹೆಣಿಗೆ? ನನಗೆ ಬರುತ್ತಿದ್ದದ್ದು ಒಂದೇ. ಅದು ದುಂಡಗಿರುತ್ತದೆ, ಕೊರಳಿಗೆ ಒತ್ತುವುದಿಲ್ಲ, ಎಳೆದರೆ ಕಿತ್ತುಬರುವುದಿಲ್ಲ. ಅತ್ತೆ ಕಂಬದ ಮೊಳೆಗೆ ಸಿಕ್ಕಿಸುತ್ತಿದ್ದ ತುದಿಯನ್ನು ನಾನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದೆ. ನಾಯಿಗೂ ಶಿವನಿಗೂ ನಾನು ಇಟ್ಟಿದ್ದ ವ್ಯತ್ಯಾಸ ಅಷ್ಟೇ. ಕೊರಳಿಗೆ ಬರುವ ಕಡೆ ಹತ್ತಿ ತುಂಬಿದ ಅಗಲ ಪಟ್ಟಿ ಹೊಲಿದೆ. ಮಾವನ ಕೈಗೆ ಬರುವ ಕಡೆ ಹಿಡಿಕೆಯಾಗಿ ಒಂದು ಕುಣಿಕೆ. ನಾಯಿ ಅದನ್ನು ಮೂಸಿತು. ನಮ್ಮವರ ಪಂಚೆಯ ವಾಸನೆ ಹಿಡಿಸಿರಬೇಕು, ತಾನೇ ತಲೆ ತೂರಿಸಿತು.

ಮಾವ ಮತ್ತೆ ಬೀದಿಗಿಳಿದರು. ದೇವಸ್ಥಾನ, ಮಂಡಿ, ಒಂದೊಂದು ದಿನ ಹೋಟೆಲಿನ ಕಾಫಿ. ಬಂದು ಊರ ಸುದ್ದಿ ಎಲ್ಲ ಹೇಳುತ್ತಿದ್ದರು. ತಟ್ಟೆಯಲ್ಲಿ ಮುದ್ದೆ ಉಳಿಯುತ್ತಿರಲಿಲ್ಲ. ಅತ್ತೆ ಬಡಿಸುತ್ತಾ ಅವರ ಮುಖವನ್ನೇ ನೋಡುತ್ತಿದ್ದರು. ನಾಯಿಯ ಕೊರಳನ್ನು ಮಾತ್ರ ನೋಡಲಿಲ್ಲ, ಏಕೆಂದರೆ ಅವರು ಎಂದೂ ನಾಯಿಯ ಕಡೆ ನೋಡಿದವರಲ್ಲ.

ನೋಡಿದ್ದು ಬೀದಿಯ ಆ ತುದಿಯ ಒಬ್ಬ ಹೆಂಗಸು. ಮೊಮ್ಮಗಳಿಗೆ ಲಿಂಗ ಕಟ್ಟಿಸಬೇಕಿತ್ತು, ಶಿವದಾರ ಕೇಳಲು ಬಂದಿದ್ದಳು. ಅತ್ತೆ ಹೆಣೆದಿಟ್ಟಿದ್ದ ದಾರವನ್ನು ತಂದು ಮುಂದೆ ಹಿಡಿದರು. ಆಕೆ ಕೈ ಚಾಚಲಿಲ್ಲ.

'ಬ್ಯಾಡ ಬುಡವ್ವ. ನಿಮ್ ಯಜಮಾನ್ರ ನಾಯಿ ಕುತ್ಗೇಲೂ ಇದೇ ದಾರ ನೋಡ್ದೆ. ನನ್ ಮೊಮ್ಮಗಳ್ಗೆ ಬೇರೆ ಕಡೆ ತಕತೀನಿ' ಎಂದು ಎದ್ದು ಹೋದಳು.

ಅತ್ತೆ ಆ ದಾರವನ್ನು ಮಡಚಿ ಹಿಡಿದು ನನ್ನ ಕಡೆ ತಿರುಗಿದರು. ಬಯ್ದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅವರು ಬಯ್ಯಲಿಲ್ಲ.

'ನೀನಾ?' ಎಂದರು.

'ಊಂ ಅತ್ತೆ. ಅದು ಹಳೇ ಪಂಚೆ ಕಣತ್ತೆ, ನಿಮ್ಮ ನೂಲು ಮುಟ್ಟಿಲ್ಲ. ಪೂಜೆ ಮಾಡಿ ಕೊರಳಿಗೆ ಕಟ್ಟಿದ ಮೇಲಲ್ವಾ ಅದು ಶಿವದಾರ? ಅಲ್ಲೀಗಂಟ ಬರೀ ದಾರ ತಾನೆ?'

'ದಾರ ನಿಂದೇ ಇರ್ಬೋದು. ಹೆಣಿಗೆ ನಂದು. ನಮ್ಮತ್ತೆ ಕೊಟ್ಟಿದ್ದು. ಅದ್ನ ತಕೊಂಡೋಗಿ ನಾಯಿ ಕುತ್ಗೆಗೆ ಕಟ್ಟಿದೀಯಲ್ಲ ತಾಯಿ.'

ಆದರೂ ನಾನು ಮಾಡಿದ್ದು ತಪ್ಪೆಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮಾವ ನಡೆಯುತ್ತಿದ್ದರು, ಅಷ್ಟು ಸಾಕಾಗಿತ್ತು ನನಗೆ. ಅತ್ತೆಯ ನೋವು ಸುಳ್ಳೆಂದೂ ನಾನು ಹೇಳುವುದಿಲ್ಲ. ಆ ಬೀದಿಯ ಎಷ್ಟು ಜನರ ಎದೆಯ ಮೇಲೆ ಅವರ ಕೈಕೆಲಸವಿತ್ತು. ಓದು ಬರಹ ಇಲ್ಲದ, ಹೊಸ್ತಿಲು ದಾಟಿ ಹೆಚ್ಚು ದೂರ ಹೋಗದ ಹೆಂಗಸಿಗೆ ಮರ್ಯಾದೆ ಎಂದು ಇದ್ದದ್ದು ಅದೊಂದೇ.

'ಬರ್ಲಿ ಅವ್ರು. ಕತ್ತರಿಸ್ಬುಡ್ತೀನಿ' ಎಂದು ಒಳಗೆ ಹೋಗಿ ಕತ್ತರಿ ತಂದರು.

'ಕತ್ತರಿಸಿದರೆ ನಾಳೆ ಮಾವ ಹೆಂಗೆ ಹೋಗ್ತಾರೆ?' ಎಂದು ಕೇಳಿದೆ. ಅದೇ ಪ್ರಶ್ನೆ ಅವರ ತಲೆಯಲ್ಲೂ ಓಡುತ್ತಿದೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕತ್ತರಿಯನ್ನು ಒಮ್ಮೆ ತೆರೆದರು, ಮುಚ್ಚಿದರು.

ಬಿಸಿಲು ಇಳಿಯುವ ಹೊತ್ತಿಗೆ ಮಾವ ಬಂದರು. ನಾಯಿ ಮೆಟ್ಟಿಲ ಹತ್ತಿರ ನಿಂತು ಅವರ ಕಾಲು ಮೇಲೇರುವವರೆಗೆ ಕಾದು, ಆಮೇಲೆ ತಾನು ಹತ್ತಿತು. ಮಾವ ಕಂಬಕ್ಕೆ ಒರಗಿ ಕೂತರು. ಕುಣಿಕೆ ಇನ್ನೂ ಬೆರಳಲ್ಲೇ ಇತ್ತು. ಅತ್ತೆ ಎದುರಿಗೆ ಹೋಗಿ ನಿಂತರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅತ್ತೆ ಬಗ್ಗಿದರು, ಕತ್ತರಿ ಬಾಯಿ ತೆರೆದು ಕಿರ್ ಎಂದಿತು.

ಮಾವ ದಾರವನ್ನು ತಮ್ಮ ಕಡೆಗೆ ಸ್ವಲ್ಪ ಎಳೆದುಕೊಂಡರು. ಹೆಬ್ಬೆರಳಿನಿಂದ ಹೆಣಿಗೆಯನ್ನು ಉದ್ದಕ್ಕೂ ಸವರುತ್ತಾ ಮಾತಾಡಿದರು.

'ಇದು ನಿನ್ ಕೈ ಹೆಣಿಗೆ ಅಲ್ವೇನೇ? ಮದ್ವೆ ಆದಾಗ್ನಿಂದ ನೀ ಹೆಣೆದ ದಾರನೇ ನನ್ ಕೊರಳಲ್ಲಿರೋದು. ಕಣ್ಣು ಹೋದ್ರೆ ಏನಾಯ್ತು, ಬೆರಳ್ಗೆ ಗೊತ್ತಾಗಲ್ವಾ? ನಾಯಿ ಕಂಡ್ರೆ ಆಗ್ದೋಳು ನನ್ಗೋಸ್ಕರ ಕೂತು ಹೆಣೆದಿದೀಯ. ನಾನು ಒಂದ್ ಮಾತೂ ಕೇಳ್ಲಿಲ್ಲ ನಿನ್ನ.'

ಮಾವ ಅತ್ತೆಗೆ ಅಷ್ಟು ಮಾತು ಒಟ್ಟಿಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಕ್ಕಿಲ್ಲ. ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ಹೆಣೆದದ್ದು ನಾನು ಎಂದು ಹೇಳಿಬಿಡೋಣವೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಎಡಗೈಯನ್ನು ಹಿಂದಕ್ಕೆ ಚಾಚಿ, ಬೇಡ ಎಂದು ಅಲ್ಲಾಡಿಸಿದರು.

'ಊಂ. ನಾನೇ' ಎಂದರು.

'ಕತ್ತರಿ ಯಾಕೆ?'

'ಎಳೆ ಬುಟ್ಕೊಂಡಿತ್ತು. ಕತ್ತರ್ಸಾನ ಅಂತ.'

ತಮಾಷೆಗೂ ಸುಳ್ಳಾಡದ ಹೆಂಗಸು ಒಂದರ ಬೆನ್ನಿಗೆ ಇನ್ನೊಂದು ಹೇಳಿದರು. ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದರು.

ಮಾರನೆಯ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿದ್ದರು. ಒಲೆಯ ಕಡೆ ಹೋಗಿರಲಿಲ್ಲ. ಪಡಸಾಲೆಯಲ್ಲಿ ಕೂತು, ತಮ್ಮದೊಂದು ಹಳೆಯ ನೂಲಿನ ಸೀರೆಯನ್ನು ಸೀಳಿ ಹುರಿ ಮಾಡಿಟ್ಟುಕೊಂಡಿದ್ದರು. ತುದಿಯನ್ನು ಕಂಬದ ಮೊಳೆಗೆ ಸಿಕ್ಕಿಸುತ್ತಿದ್ದರು.

'ಯಾರಿಗೆ ಅತ್ತೆ?' ಎಂದೆ.

'ನಾಯಿಗೆ.'

'ನಾಯಿದು ಇದೆಯಲ್ಲ ಅತ್ತೆ.'

'ಅದು ನೀನು ಮಾಡಿದ್ದು. ನಾನೇ ಮಾಡ್ದೆ ಅಂದ್ಬುಟ್ಟಿದೀನಿ ಅವ್ರಿಗೆ. ಅವ್ರ ಕೈಲಿರೋದು ನಂದೇ ಆಗ್ಬೇಕು. ಸುಳ್ಳು ಹಂಗೇ ಉಳ್ಕೋಬಾರ್ದು ಮನೇಲಿ.'

'ಬೀದಿಯೋರು ಏನಂತಾರೋ ಅತ್ತೆ. ಇದು ಗೊತ್ತಾದ್ರೆ ಇನ್ನು ನಿಮ್ಮ ಹತ್ರ ಯಾರೂ ಶಿವದಾರ ಕೇಳೋಕೆ ಬರಲ್ಲ.'

'ಬರ್ದಿದ್ರೆ ಬುಡ್ಲಿ. ಬೀದಿಯೋರ ಕೈ ಇಡ್ಕೊಂಡು ಸಂಸಾರ ಮಾಡ್ಲಿಲ್ಲ ನಾನು' ಎಂದರು. ಅಲ್ಲಿಗೆ ಮಾತು ನಿಲ್ಲಿಸಿ ಹೆಣೆಯತೊಡಗಿದರು.

ಅವರಿಗೆ ಗೊತ್ತಿಲ್ಲದೆ ಹೇಳಿದ ಮಾತಲ್ಲ ಅದು. ಮುಂದೆ ಬೀದಿಯ ಕೆಲವು ಮನೆಯವರು ನಿಜವಾಗಿಯೂ ಬರುವುದನ್ನು ಬಿಟ್ಟರು. ಎದುರು ಸಿಕ್ಕರೆ ಮುಖ ತಿರುಗಿಸಿದವರೂ ಉಂಟು. ಆ ಬೆಳಿಗ್ಗೆ ಅದೆಲ್ಲ ಬರಲಿದೆ ಎಂದು ತಿಳಿದೇ ಅತ್ತೆ ಒಂದು ಸುತ್ತೂ ತಪ್ಪದಂತೆ, ಯಾರದೋ ಮಗುವಿನ ಕೊರಳಿಗೆ ಮಾಡುವಷ್ಟು ಒಪ್ಪವಾಗಿ ಹೆಣೆದರು. ನಾನು ಹೊಲಿದಿದ್ದ ಮೆತ್ತನೆ ಪಟ್ಟಿಯನ್ನು ಬಿಚ್ಚಿ ಹೊಸ ದಾರಕ್ಕೆ ಕೂಡಿಸುವ ಕೆಲಸ ಮಾತ್ರ ನನಗೆ ಕೊಟ್ಟರು.

ಮಾವ ಪೂಜೆ, ತಿಂಡಿ ಮುಗಿಸಿ ಜಗಲಿಗೆ ಬಂದು 'ಬಾರಪ್ಪ' ಎಂದರು. ನಾಯಿ ಎದ್ದು ಬಂತು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸ್ವಲ್ಪ ಮುಖ ಸಿಂಡರಿಸಿಕೊಂಡೇ, ತಮ್ಮ ಕೈಯಾರೆ ಪಟ್ಟಿಯನ್ನು ತೊಡಿಸಿದರು. ನಾಯಿ ಅಲ್ಲಾಡದೆ ನಿಂತಿತ್ತು. ಕುಣಿಕೆಯನ್ನು ಮಾವನ ಕೈಗೆ ಕೊಟ್ಟರು.

ಮಾವ ಎದ್ದವರು ಅಲ್ಲೇ ನಿಂತರು. ಅವರ ಹೆಬ್ಬೆರಳು ದಾರದ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

'ಇದು ನಿಂದು' ಎಂದರು.

ಅತ್ತೆ ತಲೆಯೆತ್ತಿದರು. 'ಮತ್ತೆ ನಿನ್ನೇದು?'

'ನಿನ್ನೇದು ಸೊಸೆದು. ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡ್ಲ. ನಂಗೆ ಗೊತ್ತಾಗಲ್ವಾ?' ಮಾವ ನಕ್ಕರು. ಆಮೇಲೆ ದನಿ ತಗ್ಗಿಸಿ, 'ನೀನು ಕತ್ತರಿ ಇಡ್ಕೊಂಡು ಬಂದ್ಬುಟ್ಟಿದ್ದೆ. ಸದ್ದು ಕೇಳಿಸ್ತು. ಇನ್ನೇನು ಹೇಳ್ಲಿ ಹೇಳು? ಇವ್ನ ಬುಟ್ರೆ ನಂಗೆ ಯಾರ ಜೊತೆ ಓಗಾಕಾಗ್ತದೆ?' ಎಂದರು.

ಅತ್ತೆ ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರಿಗೆ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ, ಅದನ್ನು ಸೆರಗಿನಲ್ಲಿ ಒರೆಸಿಕೊಂಡರು. ಮಾವನ ಹೆಗಲ ಮೇಲೆ ಜಾರಿದ್ದ ವಲ್ಲಿಯನ್ನು ಸರಿಮಾಡಿದರು. ಬಗ್ಗಿ, ನಾಯಿಯ ಕೊರಳಿನ ಪಟ್ಟಿಯಲ್ಲಿ ಒಂದು ಬೆರಳು ತೂರಿಸಿ, ಬಿಗಿಯಾಗಿಲ್ಲ ತಾನೆ ಎಂದು ನೋಡಿದರು.

'ಓಗ್ಬನ್ನಿ ಇಬ್ರೂ. ಊಟಕ್ಕೆ ಹೊತ್ತು ಮಾಡ್ಬ್ಯಾಡಿ' ಎಂದರು.